ತೊಟ್ಟಿಲು ಡ್ರೈವರಿಗೆ ನಾನು ಮಾಡಿಕೊಟ್ಟ ಓಟ್ಸ್

ನಮ್ಮ ಮನೆಯವರಿಗೆ ಬಸ್ ಡಿಪೋದಲ್ಲಿ ಇಟ್ಟ ಹೆಸರು ತೊಟ್ಟಿಲು. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ. ಅವರ ಬಸ್ಸು ಹತ್ತಿದವರು ಎರಡು ಸ್ಟಾಪ್ ದಾಟೋದರೊಳಗೆ ತೂಕಡಿಸೋಕೆ ಶುರು ಮಾಡ್ತಾರೆ. ಇಳಿಯೋ ಜಾಗ ದಾಟಿ ಹೋದ ಮೇಲೆ ಎಚ್ಚರ ಆಗಿ ಅವರನ್ನೇ ಬೈತಾರೆ. ಬ್ರೇಕ್ ಹಾಕಿದ್ದೂ ಗೊತ್ತಾಗಲ್ಲ, ಗಾಡಿ ತಿರುಗಿದ್ದೂ ಗೊತ್ತಾಗಲ್ಲ. ಮೊದಲನೇ ಟ್ರಿಪ್ಪಿಗೆ ಮೊಟ್ಟೆ ಟ್ರೇಗಳನ್ನ ತೊಡೆ ಮೇಲೆ ಇಟ್ಟುಕೊಂಡು ಹೋಗೋ ಅಂಗಡಿಯವಳೊಬ್ಬಳು ಇದ್ದಳು. ಬೇರೆ ಡ್ರೈವರ್ ಇದ್ದರೆ ಅವಳು ಆ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯ್ತಿದ್ದಳಂತೆ. ಅದನ್ನ ಅವರು ನನಗೆ ಒಂದೇ ಒಂದು ಸಲ ಹೇಳಿದ್ದು, ಅದೂ ಸಂಕೋಚದಿಂದ. ತಮ್ಮನ್ನ ತಾವು ಹೊಗಳಿಕೊಳ್ಳೋ ಜಾತಿ ಅಲ್ಲ.

ನನಗೆ ಬೇಕರಿಯಲ್ಲಿ ಇಟ್ಟ ಹೆಸರು ಕುಕ್ಕರ್. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಹಿಟ್ಟು ಕಲಸೋ ಕೋಣೆಯಲ್ಲಿ ಇದ್ದೀನಿ. ಕಲಸೋದು ಮಿಷನ್ನು, ತೂಕ ನನ್ನದು. ಯಾವ ಬ್ರೆಡ್ಡಿಗೆ ಎಷ್ಟು ಮೈದಾ, ಯಾವ ಬನ್ನಿಗೆ ಎಷ್ಟು ಬೆಣ್ಣೆ, ಎಲ್ಲ ನಾನೇ ತೂಗಿ ಸಾಲಾಗಿ ಇಡಬೇಕು. ತಕ್ಕಡಿ ಇದ್ದರೂ ಮೊದಲು ಕೈಯಲ್ಲೇ ಅಂದಾಜು ಮಾಡ್ತೀನಿ, ಆಮೇಲೆ ತಕ್ಕಡಿಗೆ ಹಾಕಿದರೆ ನಾಲ್ಕೈದು ಗ್ರಾಂ ಆಚೆ ಈಚೆ ಅಷ್ಟೆ. ಅದರ ಜಂಬ ನನಗೆ ಇತ್ತು. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಇದು ಅವರ ಕತೆ. ಆದರೆ ಇದರಲ್ಲಿ ಇರೋ ತಪ್ಪೆಲ್ಲ ನನ್ನದು. ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ನನ್ನ ಪರವಾಗಿ ಸಮಾಧಾನ ಹುಡುಕೋಕೆ ಹೋಗಬೇಡಿ.

ಡ್ರೈವರುಗಳಿಗೆ ಆರು ತಿಂಗಳಿಗೆ ಒಂದು ಸಲ ಡಿಪೋ ಡಾಕ್ಟರ ಹತ್ತಿರ ತಪಾಸಣೆ. ಕಣ್ಣು, ಕಿವಿ, ಬಿಪಿ, ಶುಗರ್. ಇವರಿಗೆ ಶುಗರ್ ಬಂದು ಆರು ವರ್ಷ ಆಗಿತ್ತು, ಮಾತ್ರೆಯಲ್ಲೇ ಹಿಡಿತದಲ್ಲಿತ್ತು. ಹೋದ ವರ್ಷ ಅದು ಗೆರೆ ದಾಟಿತು. ಡಾಕ್ಟರಮ್ಮ ಒಳ್ಳೆಯವರೇ. "ಮೂರು ತಿಂಗಳು ಟೈಮ್ ಕೊಡ್ತೀನಿ. ಬಾಯಿ ಕಟ್ಟಿ. ಇಳಿಯದೇ ಇದ್ದರೆ ಸ್ಟೇರಿಂಗ್ ಬಿಡಿಸಬೇಕಾಗುತ್ತೆ, ನನ್ನ ಕೈಯಲ್ಲಿ ಇಲ್ಲ" ಅಂದರು. ಆಗ ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಹದಿನಾಲ್ಕು ತಿಂಗಳು ಬಸ್ಸು ಓಡಿಸಿ, ಕೊನೇ ದಿನ ಗಾಡಿ ತಾವೇ ಒಳಗೆ ತಂದು ನಿಲ್ಲಿಸಿ ಕೀಲಿ ಕೊಟ್ಟು ಬರಬೇಕು ಅನ್ನೋದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಆಸೆಯೇ ಇರಲಿಲ್ಲ. ಅವತ್ತು ಮನೆಗೆ ಬಂದವರು ಊಟಕ್ಕೆ ಕೂತು ಅನ್ನ ಕಲಸುತ್ತಾ ಕಲಸುತ್ತಾ, "ಗೇಟಲ್ಲಿ ಕೂರಿಸ್ತಾರಂತೆ ಕಣೇ, ನಂಬರ್ ಬರೆಯೋಕೆ" ಅಂದರು. ಅಷ್ಟೇ ಅಂದಿದ್ದು.

"ಯಾರು ಕೂರಿಸ್ತಾರೆ ನೋಡ್ತೀನಿ" ಅಂದೆ ನಾನು. ಶುಗರ್ ಏನು ಡಿಪೋ ಮ್ಯಾನೇಜರಾ, ನಾನು ದಬಾಯಿಸಿದರೆ ಹೆದರೋಕೆ?

ಮಗಳಿಗೆ ಫೋನ್ ಮಾಡಿದೆ. ಅವಳು ಬೇರೆ ಊರಲ್ಲಿ ಶಾಲೆಯಲ್ಲಿ ಪಾಠ ಹೇಳ್ತಾಳೆ, ಓದಿ ತಿಳಿದುಕೊಳ್ಳೋ ಬುದ್ಧಿ. "ಅಮ್ಮಾ, ಬೆಳಿಗ್ಗೆ ಬನ್ನು ಚಹಾ ಬಿಡಿಸು. ಓಟ್ಸನ್ನ ಹಾಲಲ್ಲಿ ನೆನೆಸಿ, ಮೊಟ್ಟೆ ಒಡೆದು ಹಾಕಿ, ಹಣ್ಣು ಸೇರಿಸಿ ಅವನ್‌ನಲ್ಲಿ ಬೇಯಿಸು. ಕೇಕ್ ಥರ ಕತ್ತರಿಸಿ ಡಬ್ಬಿಗೆ ಹಾಕಿ ಕೊಟ್ಟರೆ ಅಪ್ಪ ಟ್ರಿಪ್ ಮಧ್ಯದಲ್ಲೂ ತಿನ್ನಬಹುದು" ಅಂದಳು. ಅಳತೆ ಬರೆದು ಕಳಿಸಿದಳು. ಒಂದು ತಟ್ಟೆಗೆ ಸಿಪ್ಪೆ ಸಮೇತ ಒಂದು ಸೇಬು, ಅರ್ಧ ಬಾಳೆಹಣ್ಣು, ಚಿಟಿಕೆ ಚಕ್ಕೆ ಪುಡಿ. ಸಿಹಿಗೆ ಬೇರೆ ಏನೂ ಬೇಡ ಅಂತ ಕೆಳಗೆ ಗೆರೆ ಎಳೆದಿದ್ದಳು.

ಮೊದಲನೇ ದಿನ ಅವಳು ಹೇಳಿದ ಹಾಗೇ ಮಾಡಿದೆ. ಇವರು ಒಂದು ತುಂಡು ಬಾಯಿಗೆ ಹಾಕಿಕೊಂಡು ತುಂಬಾ ಹೊತ್ತು ಅಗಿದರು. "ಚೆನ್ನಾಗಿದೆ" ಅಂದರು. ಮೂವತ್ತು ವರ್ಷ ಸಂಸಾರ ಮಾಡಿದ್ದೀನಿ, ಯಾವ "ಚೆನ್ನಾಗಿದೆ" ಯಾವ ತೂಕದ್ದು ಅಂತ ನನಗೆ ಗೊತ್ತಾಗಲ್ವಾ? ನಾನೂ ತಿಂದು ನೋಡಿದೆ. ಆಸ್ಪತ್ರೆ ಊಟ. ಬೇಕರಿಯಲ್ಲಿ ಹತ್ತೊಂಬತ್ತು ವರ್ಷ ಮಣ್ಣು ಹೊತ್ತಿದ್ದೀನಾ ನಾನು ಅಂತ ಸೆರಗು ಸಿಕ್ಕಿಸಿಕೊಂಡು ನಿಂತೆ.

ಇಲ್ಲಿ ನಮ್ಮ ಬೇಕರಿ ಕೆಲಸದ ಒಂದು ರೀತಿ ಹೇಳಬೇಕು. ಕಲಸೋ ಕೋಣೆ ಗೋಡೆ ಮೇಲೆ ಒಂದು ಪಟ್ಟಿ ಇದೆ. ಒಂದೊಂದು ಐಟಮ್ಮಿಗೆ ಒಂದೊಂದು ಸಾಲು, ಹಿಟ್ಟು, ಬೆಣ್ಣೆ, ಸಕ್ಕರೆ, ಹಣ್ಣು ಅಂತ ಬೇರೆ ಬೇರೆ ಮನೆ. ಸಕ್ಕರೆ ಮನೆಯಲ್ಲಿ ಬರೋದು ಮೂಟೆಯಿಂದ ಬರೋ ಸಕ್ಕರೆ ಮಾತ್ರ. ಖರ್ಜೂರ ರುಬ್ಬಿದ್ದು, ದ್ರಾಕ್ಷಿ ರಸ ಕಾಯಿಸಿ ಗಟ್ಟಿ ಮಾಡಿದ ಪಾಕ, ಒಣದ್ರಾಕ್ಷಿ, ಇವೆಲ್ಲ ಹಣ್ಣಿನ ಮನೆಗೆ. ಸಕ್ಕರೆ ಮನೆ ಖಾಲಿ ಇದ್ದರೆ ಆ ಬಿಸ್ಕತ್ತಿನ ಪ್ಯಾಕೆಟ್ ಮೇಲೆ ಹಸಿರು ಚೀಟಿ: ಸಕ್ಕರೆ ಇಲ್ಲ. ನಮ್ಮ ಅಂಗಡಿಯಲ್ಲಿ ಶುಗರ್ ಇರೋರು ಕೇಳಿ ತಗೊಂಡು ಹೋಗೋದೇ ಹಸಿರು ಚೀಟಿಯದ್ದು. ಆ ಪಟ್ಟಿ ದಿನಾ ಓದಿ ಓದಿ ನನ್ನ ತಲೆಯಲ್ಲೂ ಹಾಗೇ ಮನೆಗಳು ಆಗಿಬಿಟ್ಟಿದ್ದವು. ಸಕ್ಕರೆ ಅಂದರೆ ಮೂಟೆ. ಹಣ್ಣು ಅಂದರೆ ಹಣ್ಣು. ಹಣ್ಣು ಯಾರಿಗಾದರೂ ಕೆಟ್ಟದ್ದು ಮಾಡುತ್ತಾ?

ಖರ್ಜೂರದ ಡಬ್ಬ ಖಾಲಿ ಆದಾಗ ಬದಿಯಲ್ಲಿ ಅಂಟಿರೋದನ್ನ ಕೆರೆದು ಮನೆಗೆ ಒಯ್ಯೋದಕ್ಕೆ ನಮಗೆ ಬಿಡ್ತಾರೆ. ನಾನು ಒಯ್ಯೋಕೆ ಶುರು ಮಾಡಿದೆ. ತಟ್ಟೆಗೆ ಎರಡು ದೊಡ್ಡ ಸೌಟು ಖರ್ಜೂರ. ಒಳ್ಳೆ ಮಾಗಿದ ಬಾಳೆಹಣ್ಣು ಮೂರು. ಒಣದ್ರಾಕ್ಷಿ ಎರಡು ಹಿಡಿ. ಮೇಲೆ ಹೊಳಪು ಬರಲಿ ಅಂತ ದ್ರಾಕ್ಷಿ ಪಾಕ, ಅದೂ ಧಾರಾಳವಾಗಿ. ಅಂಚು ತಟ್ಟೆ ಬಿಟ್ಟು ಬರೋ ತನಕ ಬೇಯಿಸಿದರೆ ಮನೆ ಎಲ್ಲ ಘಮ್ ಅನ್ನುತ್ತಿತ್ತು. ಒಂದು ತಟ್ಟೆಗೆ ಆರು ತುಂಡು. ಬೆಳಿಗ್ಗೆ ಡಬ್ಬಿಗೆ ಒಂದು, ಸಂಜೆ ಹಸಿವಿಗೆ ಒಂದು, ಮೂರು ದಿನಕ್ಕೆ ಒಂದು ತಟ್ಟೆ. ಈ ಸಲ ಅವರು "ಚೆನ್ನಾಗಿದೆ" ಅಂದಿದ್ದು ನಿಜವಾದ ಚೆನ್ನಾಗಿದೆ. ಬೆರಳು ನೆಕ್ಕಿದರು ಪಾಪ. ಇಷ್ಟು ರುಚಿ ಇರೋದು ಒಳ್ಳೇದು ಹೇಗೆ ಆಗುತ್ತೆ ಅಂತ ಕೂಡ ಒಂದು ಸಲ ಕೇಳಿದರು.

"ಕೈಗುಣ" ಅಂದೆ ನಾನು.

ಮೂರು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ಐದಕ್ಕೆ ಎದ್ದು, ತಟ್ಟೆ ಖಾಲಿ ಆಗಿದ್ದರೆ ಅವನ್ ಹಚ್ಚಿ, ಅವರ ಡಬ್ಬಿ ಕಟ್ಟಿ, ನಾನು ಕೆಲಸಕ್ಕೆ ಓಡುತ್ತಿದ್ದೆ. ಅವರು ಬನ್ನು ಬಿಟ್ಟರು, ಬಿಸ್ಕತ್ತು ಬಿಟ್ಟರು, ಚಹಾಕ್ಕೆ ಸಕ್ಕರೆ ಬಿಟ್ಟರು. ಊಟ ಆದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದ ಒಂದು ಚೂರು ಬೆಲ್ಲವನ್ನೂ ಬಿಟ್ಟರು. ಸಂಜೆ ಕೈ ಹಿಂದೆ ಕಟ್ಟಿಕೊಂಡು ಬೀದಿ ತುದಿ ತನಕ ನಾಲ್ಕು ಸುತ್ತು ನಡೆಯುತ್ತಿದ್ದರು. ಮೂರು ತಿಂಗಳ ಸರಾಸರಿ ಹೇಳೋ ರಕ್ತ ಪರೀಕ್ಷೆ ಒಂದು ಇದೆಯಲ್ಲ, ಅದನ್ನ ಮಾಡಿಸಿದರು. ಶುಗರ್ ಇಳಿಯೋದಿರಲಿ, ಇನ್ನೂ ಮೇಲೆ ಹೋಗಿತ್ತು.

ನನ್ನ ತಲೆ ಕೆಟ್ಟು ಹೋಯಿತು.

ಚೀಟಿ ಕೈಯಲ್ಲಿ ಹಿಡಿದುಕೊಂಡೇ, "ಏನು ತಿಂದಿರಿ?" ಅಂದೆ.

"ನೀನು ಕೊಟ್ಟಿದ್ದು ಬಿಟ್ಟರೆ ಬೇರೆ ಏನೂ ಇಲ್ಲ ಕಣೇ."

"ಮತ್ತೆ ಗಾಳಿ ಕುಡಿದು ಬಂತಾ ಇದು?"

"ನನಗೇನು ಗೊತ್ತು? ತಿಂದಿಲ್ಲ ಅಂದರೆ ತಿಂದಿಲ್ಲ."

ಆ ರಾತ್ರಿಯೇ ಅವರ ಖಾಕಿ ಶರಟಿನ ಜೇಬು ತಡಕಿದೆ. ಪುಡಿ ಸಿಕ್ಕಿತು, ಮೂಸಿ ನೋಡಿದರೆ ಓಟ್ಸೇ. ಅವರು ಮಲಗಿದ್ದಾಗ ಬಗ್ಗಿ ಮೀಸೆ ಕೂಡ ಮೂಸಿದ್ದೀನಿ, ಬನ್ನಿನ ವಾಸನೆ ಬರುತ್ತಾ ಅಂತ. ಅವರು ಒಂದು ಕಣ್ಣು ತೆರೆದು, "ಏನಾದರೂ ಸಿಕ್ಕಿತಾ?" ಅಂದರು. ಬೇರೆ ದಿನ ಆಗಿದ್ದರೆ ಇಬ್ಬರೂ ನಗುತ್ತಿದ್ದೆವು. ಅವತ್ತು ನಾನು ಮುಖ ಊದಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದೆ.

ಮಾರನೇ ದಿನ ಬೇಕರಿಯಲ್ಲಿ ಅರ್ಧ ದಿನ ರಜೆ ಹಾಕಿ ನೇರ ಡಿಪೋ ಕ್ಯಾಂಟೀನಿಗೆ ಹೋದೆ. ಹೋಗಬಾರದಿತ್ತು. ಹನ್ನೆರಡು ಹದಿಮೂರು ಜನ ಡ್ರೈವರು ಕಂಡಕ್ಟರುಗಳು ಕೂತಿದ್ದರು. ಕ್ಯಾಂಟೀನ್ ನಡೆಸೋರನ್ನ ಎಲ್ಲರೂ ಅಣ್ಣ ಅಂತಾರೆ, ನಾನೂ ಹಾಗೇ ಅನ್ನೋದು. "ಅಣ್ಣಾ, ನಮ್ಮ ಮನೆಯವರಿಗೆ ದಿನಕ್ಕೆ ಎಷ್ಟು ಬನ್ನು ಕೊಡ್ತೀರಿ?" ಅಂತ ಬಾಗಿಲಲ್ಲೇ ಕೇಳಿದೆ.

ಆ ಅಣ್ಣ ಲೋಟ ತೊಳೆಯುತ್ತಾ ಇದ್ದವರು ಕೈ ಒರೆಸಿಕೊಂಡು ಬಂದರು. "ಮೂರು ತಿಂಗಳಿಂದ ಸಕ್ಕರೆ ಇಲ್ಲದ ಚಹಾ ಒಂದೇ ತಾಯಿ. ಬನ್ನು ಮುಟ್ಟಿಲ್ಲ."

"ನೀವು ಹಾಗೇ ಹೇಳ್ತೀರಿ. ಗಿರಾಕಿ ಬಿಟ್ಟು ಕೊಡ್ತೀರಾ?"

ಅವರ ಮುಖ ಸಣ್ಣಗೆ ಆಯಿತು. ನಾನು ನಿಲ್ಲಿಸಲಿಲ್ಲ. ಬಾಯಿಗೆ ಬಂದಿದ್ದೆಲ್ಲ ಅಂದೆ. ಅಷ್ಟರಲ್ಲಿ ಇವರು ಟ್ರಿಪ್ ಮುಗಿಸಿ ಒಳಗೆ ಬಂದರು, ಕೈಯಲ್ಲಿ ಖಾಲಿ ಡಬ್ಬಿ. ನಾನು ಅಷ್ಟು ಜನರ ಮುಂದೆ, "ನನ್ನ ಕಣ್ಣು ನೋಡಿ ಹೇಳಿ, ತಿಂದಿಲ್ಲ ಅಂತ" ಅಂದೆ. ಅವರು ಕಣ್ಣು ನೋಡಿಯೇ ಹೇಳಿದರು, "ತಿಂದಿಲ್ಲ ಕಣೇ. ನಡಿ ಮನೆಗೆ."

"ಸುಳ್ಳು" ಅಂದೆ ನಾನು.

ಯಾರೋ ಒಬ್ಬರು ಮೂಲೆಯಲ್ಲಿ ನಕ್ಕರು. ಯಾರು ಅಂತ ನೋಡಲಿಲ್ಲ. ಇವರು ಡಬ್ಬಿ ನಲ್ಲಿ ಕೆಳಗೆ ಹಿಡಿದು ತೊಳೆದು, ಮುಚ್ಚಳ ಹಾಕಿ, ನನ್ನ ಕೈಗೆ ಕೊಟ್ಟು, ಮುಂದಿನ ಟ್ರಿಪ್ಪಿಗೆ ಹೊರಟು ಹೋದರು.

ಆಮೇಲೆ ನಾಲ್ಕು ದಿನ ನಾನು ಅವರ ಜೊತೆ ಮಾತಾಡಲಿಲ್ಲ, ಅವರ ಎದುರಿಗೆ ಊಟಕ್ಕೂ ಕೂರಲಿಲ್ಲ. ಕೋಪ ಅಂದರೆ ಕೋಪ, ಆದರೆ ಅದರ ಒಳಗೆ ಭಯ ಇತ್ತು. ಕಾಲು ಕಳೆದುಕೊಂಡವರನ್ನ, ಕಣ್ಣು ಹೋದವರನ್ನ ನೋಡಿದ್ದೀನಿ. ನನಗೆ ಭಯ ಆದರೆ ಅದು ಬೈಗುಳ ಆಗಿಯೇ ಹೊರಗೆ ಬರೋದು. ಇದನ್ನ ಸಮರ್ಥನೆಗೆ ಹೇಳ್ತಿಲ್ಲ. ಭಯ ಪಟ್ಟವರೆಲ್ಲ ಗಂಡನನ್ನ ಅಷ್ಟು ಜನರ ಮುಂದೆ ನಿಲ್ಲಿಸಿ ಸುಳ್ಳ ಅನ್ನಲ್ಲ.

ನಾಲ್ಕನೇ ದಿನ ಸಂಜೆ ಅವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಆಯ್ತು. ತಿಂದೆ. ಬನ್ನು ತಿಂದೆ. ಈಗ ಬಂದು ಊಟ ಮಾಡು" ಅಂದರು.

ನೋಡಿದಿರಾ, ನಾನು ಹೇಳಿರಲಿಲ್ಲವಾ, ಅನ್ನೋ ಹಾಗೆ ನಾನು ತಟ್ಟೆ ಹಾಕಿದೆ. ಎಷ್ಟು ಬನ್ನು, ಯಾವಾಗ, ಯಾರು ಕೊಟ್ಟರು, ಒಂದನ್ನೂ ಕೇಳಲಿಲ್ಲ. ಕೇಳಿದ್ದರೆ ಅವರಿಗೆ ಹೇಳೋಕೆ ಬರುತ್ತಿರಲಿಲ್ಲ, ಅವರಿಗೆ ಸುಳ್ಳು ಕಟ್ಟೋಕೆ ಬರಲ್ಲ. ನನಗೆ ಗೆದ್ದಿದ್ದೇ ಸಾಕಾಗಿತ್ತು. ಹೊಟ್ಟೆ ತುಂಬಾ ಉಂಡೆ ಅವತ್ತು.

ಮುಂದಿನ ವಾರ ಡಾಕ್ಟರಮ್ಮನ ಹತ್ತಿರ ಹೋಗೋದಿತ್ತು. ನಾನೂ ಹೊರಟೆ. ಇವರು ಬೇಡ ಅಂದರು, ಕೇಳಲಿಲ್ಲ. ಡಾಕ್ಟರಮ್ಮ ರಿಪೋರ್ಟ್ ನೋಡುತ್ತಾ, "ಪಥ್ಯ ಎಲ್ಲ ಸರಿಯಾಗಿ ಮಾಡಿದ್ದರೂ ಏರಿದೆ ಅಂದರೆ ಮಾತ್ರೆ ಸಾಲುತ್ತಿಲ್ಲ ಅಂತ. ಬೇರೆ ಮಾತ್ರೆ ಕೊಟ್ಟು ಇನ್ನೊಂದು ಮೂರು ತಿಂಗಳು ನೋಡೋಕೆ ನಿಯಮದಲ್ಲಿ ಜಾಗ ಇದೆ" ಅಂತ ಪೆನ್ನು ತೆಗೆದರು. ಅಲ್ಲಿಗೆ ಮುಗಿದಿತ್ತು. ಸ್ಟೇರಿಂಗ್ ಉಳಿದಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಾಗಿತ್ತು.

"ಪಥ್ಯ ಎಲ್ಲಿ ಬಂತು ಡಾಕ್ಟ್ರೇ? ಕದ್ದು ಬನ್ನು ತಿಂತಾರೆ. ಅವರೇ ಒಪ್ಪಿಕೊಂಡಿದ್ದಾರೆ" ಅಂದೆ.

ಡಾಕ್ಟರಮ್ಮ ಪೆನ್ನು ನಿಲ್ಲಿಸಿ ಅವರನ್ನ ನೋಡಿದರು. "ಹೌದೇನ್ರೀ?"

ಇವರು ನನ್ನ ಕಡೆ ಒಂದು ಸಲ ನೋಡಿದರು. ಕೋಪದ ನೋಟ ಅಲ್ಲ. ಏನೋ ಗೊತ್ತಾಗದೆ ಕೇಳುತ್ತಾ ಇರೋ ಹಾಗಿತ್ತು. ಆಮೇಲೆ ಟೇಬಲ್ ನೋಡುತ್ತಾ, "ಹೌದು" ಅಂದರು.

"ಹಾಗಾದರೆ ನನ್ನ ಕೈ ಕಟ್ಟಿ ಹಾಕಿದ ಹಾಗೆ ಆಯ್ತು. ಮಾತ್ರೆ ಸಾಲದೆ ಇರೋದು ಬೇರೆ. ಮುಚ್ಚಿಟ್ಟು ತಿನ್ನೋರನ್ನ ಅರವತ್ತು ಜನ ಕೂತ ಬಸ್ಸಿಗೆ ನಾನು ಫಿಟ್ ಅಂತ ಬರೆಯೋಕೆ ಆಗಲ್ಲ" ಅಂದರು. ಬರೆದರು. ಪಥ್ಯ ಪಾಲಿಸೋದಿಲ್ಲ, ಒಂದು ವರ್ಷ ಗಾಡಿ ಕೊಡಬಾರದು. ಆಗ ನಿವೃತ್ತಿಗೆ ಉಳಿದಿದ್ದು ಹನ್ನೊಂದು ತಿಂಗಳು.

ಸೋಮವಾರದಿಂದ ಅವರನ್ನ ಗೇಟಿಗೆ ಹಾಕಿದರು. ತಗಡಿನ ಒಂದು ಗೂಡು, ಒಂದು ಕುರ್ಚಿ, ಒಂದು ದಪ್ಪ ಪುಸ್ತಕ. ಒಳಗೆ ಬರೋ ಬಸ್ಸಿನ ನಂಬರ್ ಎಡಕ್ಕೆ, ಹೊರಗೆ ಹೋಗೋದು ಬಲಕ್ಕೆ. ಮೂವತ್ತೊಂದು ವರ್ಷ ಓಡಿಸಿದ ದಾರಿಯ ಬಸ್ಸನ್ನ ಹೊಸಬ ಒಬ್ಬ ಧಡ್ ಅಂತ ಬ್ರೇಕ್ ಹಾಕಿಕೊಂಡು ತಂದು ಎದುರಿಗೆ ನಿಲ್ಲಿಸಿದರೆ ಇವರು ನಂಬರ್ ಬರೆದುಕೊಳ್ಳಬೇಕು. ಡಬ್ಬಿ ಮಾತ್ರ ನಾನು ಕಟ್ಟಿ ಕೊಡುತ್ತಲೇ ಇದ್ದೆ. ಈಗ ಇನ್ನೂ ಮುತುವರ್ಜಿಯಿಂದ. ತಪ್ಪು ಮಾಡಿದ ಗಂಡನನ್ನ ಕ್ಷಮಿಸಿದ ದೊಡ್ಡ ಮನುಷ್ಯಳಲ್ಲವಾ ನಾನು, ಖರ್ಜೂರ ಅರ್ಧ ಸೌಟು ಜಾಸ್ತಿಯೇ ಹಾಕಿದೆ.

ಎರಡು ತಿಂಗಳು ಆದ ಮೇಲೆ ಶಾಲೆಗೆ ರಜೆ ಅಂತ ಮಗಳು ಬಂದಳು. ಬೆಳಿಗ್ಗೆ ಎದ್ದು ಕಣ್ಣು ಉಜ್ಜಿಕೊಳ್ಳುತ್ತಾ ಅಡುಗೆಮನೆಗೆ ಬಂದವಳು ನಾನು ತಟ್ಟೆಗೆ ಸುರಿಯೋದನ್ನೇ ನೋಡುತ್ತಾ ನಿಂತಳು.

"ಅಮ್ಮಾ, ಆ ಕಂದು ಬಣ್ಣದ್ದು ಏನು?"

"ಖರ್ಜೂರ."

"ಅಷ್ಟೂ?"

"ಹಣ್ಣೇ ಕಣೇ. ಸಕ್ಕರೆ ಒಂದು ಕಾಳು ಇಲ್ಲ."

"ಈ ಪಾಕ?"

"ದ್ರಾಕ್ಷಿದು. ಅದೂ ಹಣ್ಣೇ."

ಅವಳು ಜೋರು ಮಾಡಲಿಲ್ಲ. ಅಪ್ಪನ ಮಗಳು. "ಅಮ್ಮಾ, ಖರ್ಜೂರದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ ಇರುತ್ತೆ. ಪಾಕದಲ್ಲಿ ಇನ್ನೂ ಜಾಸ್ತಿ. ಮೈಗೆ ಹೋದ ಮೇಲೆ ಅದು ಮೂಟೆಯಿಂದ ಬಂತಾ ಮರದಿಂದ ಬಂತಾ ಅಂತ ಶುಗರ್ ಕೇಳಲ್ಲ" ಅಂದಳು. ನನಗೆ ಸಿಟ್ಟು ಬಂತು. ಬೇಕರಿಯವಳಿಗೆ ಪಾಠ ಹೇಳ್ತೀಯಾ ಅಂತ, ತೋರಿಸಿಯೇ ಬಿಡೋಣ ಅಂತ, ತಕ್ಕಡಿ ತೆಗೆದು ಮೇಜಿನ ಮೇಲೆ ಕುಕ್ಕಿದೆ. ಒಂದೊಂದೇ ತೂಗಿದೆ. ಅವಳು ಫೋನಿನಲ್ಲಿ ನೋಡಿ ಯಾವುದರಲ್ಲಿ ಎಷ್ಟು ಸಕ್ಕರೆ ಅಂತ ಹೇಳಿದಳು, ನಾನೇ ಗುಣಿಸಿದೆ, ನಾನೇ ಕೂಡಿಸಿದೆ. ಅದನ್ನ ಆರು ತುಂಡಿಗೆ ಹಂಚಿ ಚಮಚಕ್ಕೆ ಇಳಿಸಿದೆ. ಒಂದು ತುಂಡಿಗೆ ಹದಿಮೂರು ಚಮಚ ಬಂತು.

ತಪ್ಪಿರಬೇಕು ಅಂತ ಇನ್ನೊಂದು ಸಲ ಮಾಡಿದೆ. ಹದಿಮೂರೇ. ದಿನಕ್ಕೆ ಎರಡು ತುಂಡು. ನಮ್ಮ ಬೇಕರಿ ಬನ್ನಿನಲ್ಲಿ ಎಷ್ಟು ಸಕ್ಕರೆ ಇರುತ್ತೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ, ದಿನಾ ತೂಗೋಳು ನಾನೇ. ಮೂರು ಚಮಚ.

ಕೂತುಬಿಟ್ಟೆ. ಅವರು ತಿಂದಿರಲಿಲ್ಲ. ಕಣ್ಣು ನೋಡಿ ಹೇಳಿದ್ದರು, ತಿಂದಿರಲಿಲ್ಲ. ನಾನೇ ದಿನಾ ಕೈಯಾರೆ ತಿನ್ನಿಸಿ, ನಾನೇ ಕಳ್ಳ ಅಂದು, ನಾನೇ ಸುಳ್ಳು ಒಪ್ಪಿಸಿ, ಆ ಸುಳ್ಳನ್ನ ನಾನೇ ಹೊತ್ತುಕೊಂಡು ಹೋಗಿ ಡಾಕ್ಟರ ಟೇಬಲ್ ಮೇಲೆ ಇಟ್ಟಿದ್ದೆ.

ಮಗಳು ಬೆನ್ನು ಸವರಿದಳು. "ನೀನೇ ಹೇಳಮ್ಮ ಅಪ್ಪನಿಗೆ. ನಾನು ಹೇಳಲ್ಲ" ಅಂದಳು. ಎರಡು ದಿನ ಇದ್ದು ಹೊರಟು ಹೋದಳು.

ನಾನು ಹೇಳಲಿಲ್ಲ. ಒಂದು ತಿಂಗಳು ಹೇಳಲಿಲ್ಲ. ಮಾರನೇ ದಿನದಿಂದಲೇ ಮಗಳ ಅಳತೆಗೆ ಬಂದೆ. ಒಂದು ಸೇಬು, ಅರ್ಧ ಬಾಳೆಹಣ್ಣು. ಅವರು ತಿಂದು ನೋಡಿ, "ರುಚಿ ಬೇರೆ ಇದೆಯಲ್ಲ?" ಅಂದರು. "ಬೇಕರಿಯಲ್ಲಿ ಖರ್ಜೂರ ಬಂದಿಲ್ಲ" ಅಂದೆ. ನಾಲಿಗೆ ತಡವರಿಸಲೂ ಇಲ್ಲ. ನನಗೆ ಸುಳ್ಳು ಅಷ್ಟು ಸಲೀಸಾಗಿ ಬರುತ್ತೆ ನೋಡಿ. ದಿನಾ ಬೆಳಿಗ್ಗೆ ಇವತ್ತು ಹೇಳ್ತೀನಿ ಅಂದುಕೊಳ್ಳೋದು, ಡಬ್ಬಿ ಮುಚ್ಚಳ ಹಾಕೋ ಹೊತ್ತಿಗೆ ನಾಳೆ ಹೇಳಿದರಾಯ್ತು ಅನ್ನೋದು. ಊರಿಗೆಲ್ಲ ಕೇಳೋ ಹಾಗೆ ಬಯ್ಯೋ ಬಾಯಿ ಇದಕ್ಕೆ ಮಾತ್ರ ಏಳಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಸಂಜೆ ಅವರು ಚೀಟಿ ಹಿಡಿದುಕೊಂಡು ಬಂದರು. ಡಿಪೋ ಆಸ್ಪತ್ರೆಯಲ್ಲಿ ಸುಮ್ಮನೆ ರಕ್ತ ತೋರಿಸಿದ್ದರಂತೆ. ಮುಖ ಅರಳಿತ್ತು. "ನೋಡೇ, ಎಷ್ಟೊಂದು ಇಳಿದಿದೆ. ಗೇಟಲ್ಲಿ ಕೂರಿಸಿದ್ದೇ ಒಳ್ಳೇದಾಯ್ತು ಅನ್ನಿಸುತ್ತೆ. ಟ್ರಾಫಿಕ್ಕಿನ ತಲೆಬಿಸಿ ಇಲ್ಲವಲ್ಲ" ಅಂದರು. ಯಾರ ಮೇಲೂ ದೂರಿಲ್ಲದೆ ಖುಷಿ ಪಡುತ್ತಾ ನಿಂತಿದ್ದರು. ಅದನ್ನ ನನ್ನ ಕೈಯಲ್ಲಿ ನೋಡೋಕೆ ಆಗಲಿಲ್ಲ.

ಮಾರನೇ ದಿನ ಮೊದಲು ಡಾಕ್ಟರಮ್ಮನ ಹತ್ತಿರ ಓಡಿದೆ. ಏನಾದರೂ ಸರಿ ಮಾಡಿಕೊಂಡು ಆಮೇಲೆ ಇವರ ಮುಂದೆ ನಿಲ್ಲೋಣ ಅನ್ನೋ ಹೇಡಿತನ. ಎಲ್ಲ ಹೇಳಿದೆ. ಡಾಕ್ಟರಮ್ಮ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ನಾನು ಕಾಗದ ಬರೀತೀನಮ್ಮ. ಆದರೆ ಅವರೇ ಹೌದು ಅಂದಿದ್ದು ರೆಕಾರ್ಡಿನಲ್ಲಿದೆ. ಒಂದು ವರ್ಷ ಅಂದರೆ ಒಂದು ವರ್ಷ ಅಂತಾರೆ ಮೇಲಿನವರು" ಅಂದರು. ಬರೆದರು. ಹದಿನೈದು ದಿನಕ್ಕೆ ಉತ್ತರ ಬಂತು, ಎರಡು ಸಾಲು. ನಿಯಮ ಸಡಿಲಿಸಲು ಬರುವುದಿಲ್ಲ.

ಆದರೆ ನಾನು ಆ ಉತ್ತರಕ್ಕೆ ಕಾಯಲಿಲ್ಲ. ಡಾಕ್ಟರಮ್ಮನ ಹತ್ತಿರ ಹೋದ ದಿನವೇ ಸಂಜೆ ಇವರನ್ನ ಕೂರಿಸಿ ಹೇಳಿದೆ. ಖರ್ಜೂರ, ಪಾಕ, ಹದಿಮೂರು ಚಮಚ, ಮಗಳು ಬಂದಿದ್ದು, ತಿಂಗಳು ಮುಚ್ಚಿಟ್ಟಿದ್ದು, ಎಲ್ಲ. ಅವರು ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತಿದ್ದವರು ನಿಧಾನಕ್ಕೆ ಕಾಲು ಇಳಿಸಿದರು. ಬೈದರೆ ಬೈಸಿಕೊಳ್ಳೋಕೆ ತಯಾರಾಗಿ ನಿಂತಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಂದರೆ ನಾನು ತಿಂದಿರಲಿಲ್ಲ" ಅಂದರು.

"ಇಲ್ಲ ರೀ. ನೀವು ತಿಂದಿರಲಿಲ್ಲ."

"ನನಗೆ ಅದೇ ಭಯ ಆಗಿತ್ತು ಕಣೇ. ಊಟ ಮಾಡಲಿ ಅಂತ ನಿನ್ನ ಹತ್ತಿರ ಸುಮ್ಮನೆ ತಿಂದೆ ಅಂದೆ, ಅದು ಬೇರೆ. ಆಮೇಲೆ ಕೂತು ಯೋಚನೆ ಮಾಡಿದೆ. ತೂಕದ ವಿಷಯದಲ್ಲಿ ನೀನು ಯಾವತ್ತೂ ತಪ್ಪಿದೋಳಲ್ಲ. ರಿಪೋರ್ಟೂ ಹಾಗೇ ಹೇಳುತ್ತೆ. ಹಾಗಾದರೆ ನಾನೇ ಎಲ್ಲೋ ತಿಂದು ಮರೆತಿದ್ದೀನಾ ಅಂತ. ನಮ್ಮಪ್ಪನಿಗೆ ಕೊನೆಗೆ ಮರೆವು ಬಂದಿತ್ತಲ್ಲ. ತಿಂದಿದ್ದನ್ನ ಮರೆಯೋನು ನಾಳೆ ಸಿಗ್ನಲ್ಲೂ ಮರೀತಾನೆ. ಅದಕ್ಕೇ ಡಾಕ್ಟರಮ್ಮ ಕೇಳಿದಾಗ ಹೌದು ಅಂದೆ. ಬಸ್ಸಲ್ಲಿ ಜನ ಇರ್ತಾರೆ."

ನಾನು ಅವರಿಂದ ಕಿತ್ತುಕೊಂಡಿದ್ದು ಸ್ಟೇರಿಂಗ್ ಒಂದೇ ಅಂದುಕೊಂಡಿದ್ದೆ. ಮೂರು ತಿಂಗಳು ಆ ಮನುಷ್ಯ ತಗಡಿನ ಗೂಡಲ್ಲಿ ಕೂತು ತನ್ನ ತಲೆ ತನ್ನ ಹಿಡಿತದಲ್ಲಿ ಇದೆಯಾ ಅಂತ ದಿನಾ ಪರೀಕ್ಷೆ ಮಾಡಿಕೊಳ್ಳುತ್ತಿದ್ದರಂತೆ. ಹಿಂದಿನ ದಿನ ಬಂದ ಬಸ್ಸುಗಳ ನಂಬರ್ ಪುಸ್ತಕ ಮುಚ್ಚಿ ನೆನಪಿನಿಂದ ಹೇಳಿಕೊಂಡು, ಆಮೇಲೆ ತೆರೆದು ಸರಿ ನೋಡಿಕೊಳ್ಳೋದು. ಒಂದೂ ತಪ್ಪುತ್ತಿರಲಿಲ್ಲವಂತೆ. ಆದರೂ ಧೈರ್ಯ ಬಂದಿರಲಿಲ್ಲ. ಹೆಂಡತಿ ಅಷ್ಟು ಗಟ್ಟಿಯಾಗಿ ಹೇಳಿದ್ದಳಲ್ಲ.

ಅವರ ಕಾಲ ಹತ್ತಿರ ಕೂತು ಅತ್ತೆ. ನಾನು ಅಳೋದು ಅವರು ನೋಡಿದ್ದು ಕಡಿಮೆ, ಗಾಬರಿ ಆಗಿ ನೀರು ತಂದುಕೊಟ್ಟರು. ಆಮೇಲೆ ಕ್ಯಾಂಟೀನಿಗೂ ಹೋದೆ. ಕೂತಿದ್ದವರ ಮುಂದೆ, ಅವತ್ತು ನಾನು ಹೇಳಿದ್ದು ಸುಳ್ಳು, ನಮ್ಮ ಮನೆಯವರು ಹೇಳಿದ್ದು ನಿಜ, ಅಣ್ಣ ಹೇಳಿದ್ದೂ ನಿಜ ಅಂದೆ. ಅಣ್ಣ "ಆಯ್ತು ತಾಯಿ" ಅಂದು ಒಂದು ಲೋಟ ಚಹಾ ಕೊಟ್ಟರು. ಅವತ್ತು ಇದ್ದವರಲ್ಲಿ ಅರ್ಧ ಜನ ಇರಲಿಲ್ಲ. ಅವರಿಗೆಲ್ಲ ತೊಟ್ಟಿಲು ಇವತ್ತಿಗೂ ಕದ್ದು ಬನ್ನು ತಿಂದ ಮನುಷ್ಯನೇ.

ಇನ್ನು ನಿವೃತ್ತಿಗೆ ನಾಲ್ಕು ತಿಂಗಳಿದೆ. ಶುಗರ್ ಚೆನ್ನಾಗಿದೆ. ಗೇಟಿನ ಕೆಲಸವೇ. ನಾನು ಈಗಲೂ ಐದಕ್ಕೆ ಎದ್ದು ಓಟ್ಸ್ ಬೇಯಿಸ್ತೀನಿ. ಡಬ್ಬಿ ಕೊಡುವಾಗ ಇದರಲ್ಲಿ ಏನು ಹಾಕಿದ್ದೀಯ ಅಂತ ಅವರು ಒಂದು ಸಲ ಕೇಳಲಿ ಅಂತ ಕಾಯ್ತೀನಿ. ನಾನು ಅವರ ಜೇಬು ತಡಕಿದ ಹಾಗೆ ಅವರು ಮುಚ್ಚಳ ತೆಗೆದು ಮೂಸಿ ನೋಡಲಿ, ತುಂಡು ಮುರಿದು ಒಳಗೆ ನೋಡಲಿ, ನನಗೆ ಅದು ಬೇಕು. ಅವರು ಕೇಳಲ್ಲ. ಮೊನ್ನೆ ತಡೆಯೋಕೆ ಆಗದೆ ನಾನೇ ಬಾಗಿಲ ತನಕ ಹೋಗಿ, "ರೀ, ಒಂದು ಸೇಬು, ಅರ್ಧ ಬಾಳೆಹಣ್ಣು. ಬೇರೆ ಏನೂ ಹಾಕಿಲ್ಲ" ಅಂದೆ.

ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ತಲೆ ಕೂಡ ಎತ್ತಲಿಲ್ಲ. "ನೀನು ಹೇಳಿದ ಮೇಲೆ ಆಯ್ತಲ್ಲ" ಅಂದು ಡಬ್ಬಿ ತಗೊಂಡು ಹೊರಟರು.

ಅವತ್ತು ಕ್ಯಾಂಟೀನಿನಲ್ಲಿ ನಾನು ಅಷ್ಟೇ ಅಂದಿದ್ದರೆ ಸಾಕಿತ್ತು.